ಸ್ಯಾಲಿಸಿಲೇಟ್: ಹೆಸರು ಓದಿ, ಹುಷಾರಾಗಿರಿ

ತಲೆನೋವಿಗೆ ಆಸ್ಪಿರಿನ್ ಮಾತ್ರೆ ನುಂಗಿದರೆ ಕೆಲವರಿಗೆ ಮೈಮೇಲೆ ದದ್ದು ಏಳುತ್ತೆ, ಮೂಗು ಕಟ್ಟುತ್ತೆ, ಉಬ್ಬಸ ಬರುತ್ತೆ. ಅಂಥವರು ಈ ಹೆಸರನ್ನು ಬಿಡಿಸಿ ಓದಿರಿ: ಸ್ಯಾ-ಲಿ-ಸಿ-ಲೇಟ್. ಆಸ್ಪಿರಿನ್ ಈ ಗುಂಪಿನದು. ಊಟಿಯಲ್ಲಿ ಮಾರುವ ವಿಂಟರ್‌ಗ್ರೀನ್ ಎಣ್ಣೆಯಲ್ಲಿ, ಹಲವು ನೋವಿನ ಮುಲಾಮುಗಳಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಇದೆ. ಕೆಲವರಿಗೆ ಇದೂ ಒಗ್ಗದು.

ಚಹಾ, ಮಸಾಲೆ, ಹಣ್ಣುಗಳಲ್ಲೂ ಸ್ಯಾಲಿಸಿಲೇಟ್ ಸ್ವಲ್ಪ ಇರುತ್ತೆ. ಹಾಗಂತ ನೀವಾಗಿಯೇ ಊಟ ಬಿಡಬೇಡಿ, ಸೊರಗುತ್ತೀರಿ. ಏನು ತಿಂದಾಗ, ಏನು ಹಚ್ಚಿದಾಗ ಹೀಗಾಯಿತೆಂದು ದಿನಾಂಕ ಹಾಕಿ ಬರೆದಿಡಿ. ಡಾಕ್ಟರಿಗೆ ತೋರಿಸಿ. ಮಾತ್ರೆ ಕೊಳ್ಳುವಾಗ ಮೊದಲೇ ಹೇಳಿ: "ನನಗೆ ಆಸ್ಪಿರಿನ್ ಆಗಿಬರಲ್ಲ." ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಅಭ್ಯಾಸ: ಮನೆಯ ಮುಲಾಮು ಡಬ್ಬಿಯಲ್ಲಿ ಈ ಹೆಸರಿದೆಯೇ? ಇಂಗ್ಲಿಷ್ ಬಲ್ಲವರಿಂದ ಓದಿಸಿ, ಕನ್ನಡದಲ್ಲಿ ಬರೆಯಿರಿ.