ಪೋಸ್ಟ್ ನಮ್ಮದು, ಗೋಡೆ ಯಾರದು?

ರಾತ್ರಿ ಊಟ ಮುಗಿಸಿ, ದಿಂಬಿಗೊರಗಿ, ಊರ ಕೆರೆಯ ಹೂಳೆತ್ತುವ ಕಾಮಗಾರಿಯ ಬಗ್ಗೆ ಫೇಸ್‌ಬುಕ್ಕಿನಲ್ಲಿ ನಾಲ್ಕು ಸಾಲು ಖಾರವಾಗಿ ಬರೆದಿರಿ ಎನ್ನಿ. ಬೆಳಿಗ್ಗೆ ಏಳುವಷ್ಟರಲ್ಲಿ ಪೋಸ್ಟೇ ಮಾಯವಾಗಿ, ‘ನಮ್ಮ ನಿಯಮಗಳಿಗೆ ವಿರುದ್ಧವಾಗಿದೆ’ ಎಂಬ ಒಕ್ಕಣೆ ಬಂದಿರಬಹುದು. ಇಲ್ಲವೇ ಠಾಣೆಯಿಂದ ಫೋನ್ ಬಂದಿರಬಹುದು: ‘ಸ್ವಲ್ಪ ಬಂದು ಹೋಗಿ ಸಾರ್, ಒಂದು ಕಂಪ್ಲೇಂಟ್ ಇದೆ.’ ಎರಡಕ್ಕೂ ನಮ್ಮ ಬಾಯಲ್ಲಿ ಬರುವ ಮಾತು ಒಂದೇ: ನನಗೆ ವಾಕ್ ಸ್ವಾತಂತ್ರ್ಯ ಇಲ್ಲವೇ? ಇದೆ. ಆದರೆ ಕಂಪನಿಯ ಬಾಗಿಲಲ್ಲಿ ನಡೆಯುವ ಕಾಗದ ಬೇರೆ, ಠಾಣೆಯ ಬಾಗಿಲಲ್ಲಿ ನಡೆಯುವ ಕಾಗದ ಬೇರೆ. ಅದಲುಬದಲು ಮಾಡಿಕೊಂಡವರು ಎರಡೂ ಕಡೆಯಿಂದ ಬರಿಗೈಯಲ್ಲಿ ಬರುತ್ತಾರೆ.

ಮೊದಲು ಬೇರಿನ ಮಾತು. ಸಂವಿಧಾನದ 19(1)(ಎ) ವಿಧಿ ಪ್ರತಿ ನಾಗರಿಕನಿಗೂ ಮಾತಿನ ಹಕ್ಕು ಕೊಟ್ಟಿದೆ. 19(2) ಅದಕ್ಕೆ ಬೇಲಿ ಹಾಕಿದೆ. ಬೇಲಿಗೆ ಎಂಟೇ ಗೂಟ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಡನೆ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ. ‘ಸಾಹೇಬರಿಗೆ ಮುಜುಗರವಾಯಿತು’ ಎಂಬ ಒಂಬತ್ತನೆಯ ಗೂಟ ಎಲ್ಲೂ ಇಲ್ಲ. ಇದ್ದ ಹಾಗೆ ನಡೆದುಕೊಳ್ಳುವವರು ಮಾತ್ರ ಊರೂರಿಗೂ ಇದ್ದಾರೆ.

2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಆದದ್ದು ನೆನಪಿರಬಹುದು. ಬಾಳ್ ಠಾಕ್ರೆ ನಿಧನದ ನಂತರದ ಬಂದ್ ಬಗ್ಗೆ ಒಬ್ಬ ಯುವತಿ ಫೇಸ್‌ಬುಕ್ಕಿನಲ್ಲಿ ಬರೆದಳು, ಗೆಳತಿ ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನಿನಲ್ಲಿ ‘ಕಿರಿಕಿರಿ’, ‘ಅನನುಕೂಲ’ದಂಥ ಶಬ್ದಗಳಿದ್ದವು, ಮೂರು ವರ್ಷದವರೆಗೆ ಜೈಲು ಇತ್ತು. ಕಿರಿಕಿರಿಯನ್ನು ಯಾವ ತಕ್ಕಡಿಯಲ್ಲಿ ತೂಗುವುದು? 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಸೆಕ್ಷನ್ನನ್ನೇ ಹೊಡೆದುಹಾಕಿತು. ಚರ್ಚೆ, ಪ್ರತಿಪಾದನೆ, ಪ್ರಚೋದನೆ ಮೂರೂ ಬೇರೆ ಬೇರೆ. ಪ್ರಚೋದನೆಯ ಮಟ್ಟ ಮುಟ್ಟಿದಾಗಲಷ್ಟೇ ಕಾನೂನು ಕೈಹಾಕಬಹುದು ಎಂದಿತು. ಸತ್ತ ಸೆಕ್ಷನ್ ಆಮೇಲೂ ಠಾಣೆಗಳಲ್ಲಿ ಓಡಾಡುತ್ತಲೇ ಇತ್ತು. ಅದರಡಿ ಯಾರ ಮೇಲೂ ಮೊಕದ್ದಮೆ ನಡೆಸಬಾರದೆಂದು 2022ರಲ್ಲಿ ಕೋರ್ಟ್ ಮತ್ತೊಮ್ಮೆ ಹೇಳಬೇಕಾಯಿತು. ನಿಮ್ಮ ಎಫ್‌ಐಆರ್‌ನಲ್ಲಿ 66ಎ ಕಂಡರೆ ವಕೀಲರಿಗೆ ಮೊದಲು ತೋರಿಸಬೇಕಾದ ಸಾಲು ಅದೇ.

ಈಗ ಕಂಪನಿಯ ಬಾಗಿಲು. ಫೇಸ್‌ಬುಕ್, ಎಕ್ಸ್, ಯೂಟ್ಯೂಬ್ ಖಾಸಗಿ ಜಾಗಗಳು. ಮೂಲಭೂತ ಹಕ್ಕಿನ ಹೆಸರು ಹೇಳಿ ಅವುಗಳ ಮೇಲೆ ನೇರವಾಗಿ ರಿಟ್ ಹಾಕಿ ಗೆಲ್ಲುವುದು ಸುಲಭವಲ್ಲ. ಇಲ್ಲಿ ಕೆಲಸಕ್ಕೆ ಬರುವುದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು. 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಜಾಲತಾಣ ನಿಮ್ಮ ಪೋಸ್ಟನ್ನು ನಿಯಮಭಂಗವೆಂದು ತಾನಾಗಿ ತೆಗೆಯುವಾಗ ಕಾರಣ ಸಹಿತ ನಿಮಗೆ ತಿಳಿಸಬೇಕು, ತಕರಾರು ಎತ್ತಲು ಅವಕಾಶ ಕೊಡಬೇಕು. ಪ್ರತಿ ಕಂಪನಿಗೂ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ಕೊಟ್ಟ 24 ಗಂಟೆಯೊಳಗೆ ಸ್ವೀಕೃತಿ ಬರಬೇಕು. ಇತ್ಯರ್ಥಕ್ಕೆ ಮೊದಲು 15 ದಿನದ ಗಡುವಿತ್ತು. ಈ ನಿಯಮಗಳು ಆಗಾಗ ತಿದ್ದುಪಡಿಯಾಗುವುದರಿಂದ ದೂರು ಬರೆಯುವ ದಿನ ಚಾಲ್ತಿಯಲ್ಲಿರುವ ಗಡುವನ್ನು ನೋಡಿಕೊಳ್ಳಿ. ಉತ್ತರ ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ: ಕಂಪನಿ ತನ್ನ ನಿಯಮಗಳನ್ನು ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಬಳಕೆದಾರ ಬಯಸಿದ್ದರಲ್ಲಿ ತಿಳಿಸಬೇಕು. ಕನ್ನಡದಲ್ಲಿ ಕೇಳಿ. ಕೇಳುವವರಿಲ್ಲದೆ ಅದು ಬರುವುದಿಲ್ಲ.

ಸರ್ಕಾರದ ಆದೇಶದ ಮೇರೆಗೆ ತೆಗೆದಿದ್ದರೆ ದಾರಿ ಕಡಿದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ನಿನಡಿ ಕೇಂದ್ರ ಸರ್ಕಾರ ತಡೆ ಹಾಕಬಹುದು, ಆ ಪ್ರಕ್ರಿಯೆ ಬಹುಪಾಲು ಗೌಪ್ಯ. ಕಂಪನಿ ನಮ್ಮ ಪರವಾಗಿ ಹೋರಾಡೀತೆಂದು ಕೂರುವಂತೆಯೂ ಇಲ್ಲ. ಇಂಥ ತಡೆ ಆದೇಶಗಳನ್ನು ಪ್ರಶ್ನಿಸಿ ಆಗಿನ ಟ್ವಿಟರ್ (ಈಗಿನ ಎಕ್ಸ್) ಕರ್ನಾಟಕ ಹೈಕೋರ್ಟಿಗೆ ಬಂದಾಗ 2023ರ ಜೂನ್ 30ರಂದು ಅರ್ಜಿ ವಜಾ ಆಗಿ 50 ಲಕ್ಷ ರೂಪಾಯಿ ದಂಡವೂ ಬಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಪೋಸ್ಟ್ ತೆಗೆಯುವ ಸೂಚನೆಗಳನ್ನು ಕಂಪನಿಗಳಿಗೆ ಕಳಿಸುವ ಸರ್ಕಾರದ ‘ಸಹಯೋಗ್’ ಪೋರ್ಟಲ್ ಪ್ರಶ್ನಿಸಿ ಎಕ್ಸ್ ಹಾಕಿದ್ದ ಅರ್ಜಿಯೂ ಅಲ್ಲೇ ವಜಾ ಆಯಿತು. 19ನೇ ವಿಧಿ ನಾಗರಿಕರದ್ದು, ವಿದೇಶಿ ಕಂಪನಿ ಅದನ್ನು ಹಿಡಿದು ಬರುವಂತಿಲ್ಲ ಎಂಬುದು ನ್ಯಾಯಾಲಯದ ನಿಲುವು. ತೀರ್ಪಿನ ಬಗ್ಗೆ ತಕರಾರು ಇರಬಹುದು, ನನಗೂ ಕೆಲವು ಇವೆ. ಆದರೆ ಅದರೊಳಗೆ ನಮಗೊಂದು ಸುಳಿವಿದೆ: ಹಕ್ಕು ಯಾರದೋ ಅವರೇ, ಅಂದರೆ ಪೋಸ್ಟ್ ಬರೆದವರೇ, ರಿಟ್ ಅರ್ಜಿ ಹಿಡಿದು ಬರಬೇಕು.

ಇನ್ನು ಠಾಣೆ. ‘ಬಂದು ಹೋಗಿ’ ಎಂಬ ಫೋನಿಗೆ ಕಾನೂನಿನಲ್ಲಿ ತೂಕ ಕಡಿಮೆ. ಏಳು ವರ್ಷದವರೆಗಿನ ಶಿಕ್ಷೆಯ ಆರೋಪಗಳಲ್ಲಿ ತಕ್ಷಣ ಬಂಧಿಸಬೇಕಾದ ಅಗತ್ಯ ಕಾಣದಿದ್ದರೆ ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3) ಸೆಕ್ಷನ್ ಪ್ರಕಾರ ನೋಟಿಸ್ ಕೊಡಬೇಕು. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ನೋಟಿಸ್ ಕೊಡಿ ಸಾರ್, ಹೇಳಿದ ದಿನ ಬರುತ್ತೇನೆ’ ಎಂದು ವಿನಯವಾಗಿ ಹೇಳಿ. ನೋಟಿಸ್ ಬಂದಮೇಲೆ ತಪ್ಪಿಸಬೇಡಿ. ಅದರಂತೆ ಹಾಜರಾಗುವವರನ್ನು ಕಾರಣ ದಾಖಲಿಸದೆ ಬಂಧಿಸುವಂತಿಲ್ಲ, ತಪ್ಪಿಸಿಕೊಂಡವರಿಗೆ ಆ ರಕ್ಷಣೆ ಇಲ್ಲ. ಒಂದು ವೇಳೆ ಬಂಧಿಸಿದರೆ ಕಾರಣವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಬರವಣಿಗೆಯಲ್ಲಿ ಕೊಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಫೋನ್ ಕಿತ್ತುಕೊಂಡರೆ ಮಹಜರಿನ ಪ್ರತಿ ಕೇಳದೆ ಏಳಬೇಡಿ.

ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪು ಪೋಸ್ಟ್ ಅಳಿಸುವುದು. ದೂರು ದಾಖಲಾದ ಮೇಲೆ ಅಳಿಸಿದರೆ ಸಾಕ್ಷ್ಯ ನಾಶದ ಮಾತು ಬರುತ್ತದೆ; ನಿಮ್ಮ ಪೂರ್ತಿ ವಾಕ್ಯ ಏನಿತ್ತೆಂದು ತೋರಿಸಲು ನಿಮ್ಮ ಬಳಿಯೂ ಏನೂ ಉಳಿಯುವುದಿಲ್ಲ. ಮೊದಲು ದಿನಾಂಕ, ಸಮಯ, ಲಿಂಕ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಕೆಳಗಿನ ಕಾಮೆಂಟ್‌ಗಳ ಸಮೇತ. ಅಳಿಸುವುದೋ ಬಿಡುವುದೋ ವಕೀಲರನ್ನು ಕೇಳಿದ ಮೇಲೆ.

ದೂರು ಮಾನನಷ್ಟದ್ದೇ ಆದರೆ ಕೇಳಬೇಕಾದ ಪ್ರಶ್ನೆ: ಇದರ ಮೇಲೆ ಎಫ್‌ಐಆರ್ ಹೇಗಾಯಿತು? ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಅಸಂಜ್ಞೇಯ ಅಪರಾಧ. ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹೂಡಬೇಕು, ಪೊಲೀಸರು ನೇರವಾಗಿ ತನಿಖೆಗೆ ಇಳಿಯುವಂತಿಲ್ಲ. ಹಾಗಾಗಿಯೇ ಎಷ್ಟೋ ಕಡೆ ಜೊತೆಗೆ 196 ಅಥವಾ 353 ಸೇರಿಕೊಳ್ಳುತ್ತದೆ, ದ್ವೇಷ ಹರಡಿದ, ವದಂತಿ ಹಬ್ಬಿಸಿದ ಆರೋಪ. ಇಲ್ಲೊಂದು ಗಟ್ಟಿ ಆಸರೆ ಸಿಕ್ಕಿದೆ. ಎಕ್ಸ್ ಪೋಸ್ಟಿನ ಕವಿತೆಯೊಂದಕ್ಕಾಗಿ ಸಂಸದ ಇಮ್ರಾನ್ ಪ್ರತಾಪಗಢಿ ಮೇಲೆ ಗುಜರಾತಿನಲ್ಲಿ ಹಾಕಿದ್ದ ಎಫ್‌ಐಆರನ್ನು 2025ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಮಾತಿನ ಪ್ರಕರಣಗಳಲ್ಲಿ ಪೊಲೀಸರು ಡಿವೈಎಸ್ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸುವುದೇ ಸೂಕ್ತ, ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನವರ ಕಣ್ಣಿಂದ ಅಳೆಯಬೇಕು ಎಂದಿತು. ಮುಟ್ಟಿದರೆ ಮುನಿಯುವವರ ಅಳತೆಗೋಲು ನಡೆಯದು.

ವಾಟ್ಸ್‌ಆ್ಯಪ್ ಗುಂಪಿನ ಸದಸ್ಯನ ಪೋಸ್ಟಿಗೆ ಅಡ್ಮಿನ್ ತಾನಾಗಿ ಹೊಣೆಯಲ್ಲ. ಬಾಂಬೆ, ಕೇರಳ ಹೈಕೋರ್ಟ್‌ಗಳು ಹಾಗೆ ಹೇಳಿವೆ. ಸರ್ಕಾರಿ ನೌಕರರಿಗೆ ಮಾತ್ರ ನಡತೆ ನಿಯಮಗಳ ಇನ್ನೊಂದು ಬೇಲಿ ಉಂಟು, ಅಲ್ಲಿ ಕೋರ್ಟಿಗಿಂತ ಮೊದಲು ಇಲಾಖೆಯ ಮೆಮೊ ಬರುತ್ತದೆ.

ಎಫ್‌ಐಆರ್ ರದ್ದುಪಡಿಸಲು ನಾಗರಿಕ ಸುರಕ್ಷಾ ಸಂಹಿತೆಯ 528ನೇ ಸೆಕ್ಷನ್ನಿನಡಿ ಹೈಕೋರ್ಟಿಗೆ ಹೋಗಬೇಕು. ಉತ್ತರದ ಜಿಲ್ಲೆಗಳವರಿಗೆ ಧಾರವಾಡ, ಕಲಬುರಗಿಯಲ್ಲೇ ಪೀಠಗಳಿವೆ. ವಕೀಲರ ಶುಲ್ಕ ಕಷ್ಟವಾದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಳ್ಮೆಯೂ ಬೇಕು. 370ನೇ ವಿಧಿ ರದ್ದಾದ ದಿನವನ್ನು ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಕರಾಳ ದಿನವೆಂದ ಕೊಲ್ಹಾಪುರದ ಪ್ರಾಧ್ಯಾಪಕರೊಬ್ಬರ ಮೇಲಿನ ಪ್ರಕರಣವನ್ನು ಬಾಂಬೆ ಹೈಕೋರ್ಟ್ ರದ್ದು ಮಾಡಲಿಲ್ಲ. ಅವರಿಗೆ ಬಿಡುಗಡೆ ಸಿಕ್ಕಿದ್ದು 2024ರ ಮಾರ್ಚ್‌ನಲ್ಲಿ, ದೆಹಲಿಯವರೆಗೆ ಹೋದ ಮೇಲೆ.