ಪುಕ್ಕಟೆ ಇಮೇಲ್ ಖಾತೆ, ನಿಮ್ಮದೇ ಕಂಪ್ಯೂಟರಿನಲ್ಲಿ ಪ್ರತಿ: ಥಂಡರ್‌ಬರ್ಡ್ ಬಳಸುವವರಿಗೆ ಹತ್ತು ಸೂತ್ರಗಳು

ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರ ಜುಲೈ 4ರಂದು ಹಾಟ್‌ಮೇಲ್ ಶುರು ಮಾಡಿದಾಗ ಅದರ ದೊಡ್ಡ ಆಕರ್ಷಣೆ ಇದು: ಯಾವ ಊರಿನ ಯಾವ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದರೂ ನಿಮ್ಮ ಟಪಾಲು ಸಿಗುತ್ತಿತ್ತು. ಆ ಸೌಕರ್ಯಕ್ಕೆ ನಾವು ಪೂರ್ತಿ ಒಗ್ಗಿಹೋಗಿದ್ದೇವೆ. ಸಂಘದ ಠರಾವು, ಮನೆಯ ಕಾಗದಪತ್ರಗಳ ಸ್ಕ್ಯಾನ್, ಮಕ್ಕಳ ಅಂಕಪಟ್ಟಿ, ಈಗ ಇಲ್ಲದ ಹಿರಿಯರು ಬರೆದ ಪತ್ರ ಎಲ್ಲವೂ ಜಿಮೇಲಿನಲ್ಲಿದೆ. ನಮ್ಮ ಹತ್ತಿರ ಒಂದರ ಪ್ರತಿಯೂ ಇಲ್ಲ. ಪಾಸ್‌ವರ್ಡ್ ಮರೆತು, ಫೋನ್ ನಂಬರೂ ಬದಲಾಗಿದ್ದರೆ ಒಳಗೆ ಹೋಗುವ ದಾರಿಯೇ ಮುಚ್ಚಬಹುದು. ಎರಡು ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಸಂಘ, ಟ್ರಸ್ಟುಗಳ ಕಾರ್ಯದರ್ಶಿ ಬದಲಾದಾಗಂತೂ ಹಳೆಯ ಪತ್ರವ್ಯವಹಾರವೇ ಕೈತಪ್ಪುವ ಅಪಾಯವಿದೆ. ಮೊಝಿಲ್ಲಾದ ಥಂಡರ್‌ಬರ್ಡ್ ಎಂಬ ಪುಕ್ಕಟೆ ತಂತ್ರಾಂಶವನ್ನು ಸರಿಯಾಗಿ ಬಳಸಿದರೆ ಈ ನಷ್ಟ ತಪ್ಪುತ್ತದೆ. 'ಸರಿಯಾಗಿ' ಎಂದದ್ದಕ್ಕೆ ಕಾರಣ ಐದನೇ ಸೂತ್ರದಲ್ಲಿದೆ.

1. ಪಾಪ್ ಬೇಡ, ಐಮ್ಯಾಪ್ ಆರಿಸಿ. ಪಾಪ್ ವಿಧಾನ ಟಪಾಲನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತದೆ, ಅಷ್ಟೇ. ನೀವು ಯಾವುದನ್ನು ಓದಿದಿರಿ, ಯಾವುದನ್ನು ಯಾವ ಫೋಲ್ಡರಿಗೆ ಹಾಕಿದಿರಿ ಎಂಬುದು ಸರ್ವರಿಗೆ ತಿಳಿಯುವುದಿಲ್ಲ. ಐಮ್ಯಾಪ್‌ನಲ್ಲಿ ಫೋನು, ಬ್ರೌಸರು, ಕಂಪ್ಯೂಟರು ಮೂರರಲ್ಲೂ ಟಪಾಲು ಒಂದೇ ರೀತಿ ಕಾಣುತ್ತದೆ. ಥಂಡರ್‌ಬರ್ಡ್ ತಾನಾಗಿಯೇ ಐಮ್ಯಾಪ್ ಸೂಚಿಸುತ್ತದೆ, ಒಪ್ಪಿಕೊಳ್ಳಿ. ಮೊದಲು ಜಿಮೇಲ್ ಸೆಟ್ಟಿಂಗ್ಸಿಗೆ ಹೋಗಿ ಐಮ್ಯಾಪ್ ಆನ್ ಮಾಡಬೇಕೆಂಬ ಹಳೆಯ ಸಲಹೆ ಈಗ ಬೇಕಿಲ್ಲ. 2025ರ ಜನವರಿಯಿಂದ ಅದು ಸದಾ ಆನ್ ಆಗಿಯೇ ಇರುತ್ತದೆ.

2. ಪಾಸ್‌ವರ್ಡ್ ಕೊಡಬೇಕಾದ್ದು ಗೂಗಲ್ಲಿನದೇ ಪುಟದಲ್ಲಿ. ಬಹಳ ಜನ ಸೋತು ಕೈಬಿಡುವುದು ಈ ಹಂತದಲ್ಲಿ. ಹೆಸರು, ವಿಳಾಸ ಕೊಟ್ಟು ಮುಂದುವರಿದರೆ ಗೂಗಲ್ಲಿನ ಲಾಗಿನ್ ಪುಟವಿರುವ ಒಂದು ಪುಟ್ಟ ವಿಂಡೋ ತೆರೆಯುತ್ತದೆ. ಪಾಸ್‌ವರ್ಡ್ ಕೊಡಿ, ಫೋನಿಗೆ ಬಂದ ಕೇಳಿಕೆಗೆ ಹೌದೆನ್ನಿ, 'ಅಲೋ' ಒತ್ತಿ. ಥಂಡರ್‌ಬರ್ಡಿಗೆ ಸಿಗುವುದು ನಿಮ್ಮ ಪಾಸ್‌ವರ್ಡ್ ಅಲ್ಲ, ಟಪಾಲು ನೋಡಲು ಗೂಗಲ್ ಕೊಟ್ಟ ಒಂದು ಪರವಾನಗಿ. ಆ ವಿಂಡೋ ಮುಂದೆ ಹೋಗದೆ ನಿಂತರೆ ಥಂಡರ್‌ಬರ್ಡಿನ 'ಪ್ರೈವಸಿ' ಸೆಟ್ಟಿಂಗಿನಲ್ಲಿ ಕುಕೀ ಸ್ವೀಕರಿಸುವ ಟಿಕ್ ಇದೆಯೇ ನೋಡಿ. ಅದು ಇಲ್ಲದಿದ್ದರೆ ಎಷ್ಟು ಸಲ ಪಾಸ್‌ವರ್ಡ್ ಟೈಪಿಸಿದರೂ ಉಪಯೋಗವಿಲ್ಲ.

ಇಂಥ ಪರವಾನಗಿಯ ವ್ಯವಸ್ಥೆಯೇ ಇಲ್ಲದ ಹಳೆಯ ತಂತ್ರಾಂಶಕ್ಕೆ ಮಾಮೂಲಿ ಪಾಸ್‌ವರ್ಡ್ ಕೊಟ್ಟರೆ ಜಿಮೇಲ್ ಒಳಗೆ ಬಿಡುವುದಿಲ್ಲ. 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಿಗೆ ಆ ಬಾಗಿಲು ಮುಚ್ಚುತ್ತಾ ಬಂತು. ಅಂಥವರು ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರಗಳ 'ಆಪ್ ಪಾಸ್‌ವರ್ಡ್' ಪಡೆದು ಅದನ್ನು ಕೊಡಬೇಕು. ಇನ್ನೊಂದು ಮಾತು: ಗೂಗಲ್ ಪಾಸ್‌ವರ್ಡ್ ಬದಲಿಸಿದ ಮೇಲೆ ಥಂಡರ್‌ಬರ್ಡ್ ಮತ್ತೆ ಲಾಗಿನ್ ಕೇಳುತ್ತದೆ. ಗಾಬರಿ ಬೇಡ, ಅದು ಇರಬೇಕಾದದ್ದೇ.

3. ಸರ್ವರ್ ವಿವರ ಒಂದು ಚೀಟಿಯಲ್ಲಿ ಬರೆದಿಡಿ. ಒಳಬರುವ ಟಪಾಲಿಗೆ ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 993. ಹೊರಹೋಗುವುದಕ್ಕೆ ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 465 ಅಥವಾ 587. ಟಪಾಲು ಬರುತ್ತಿದೆ, ಆದರೆ ಹೋಗುತ್ತಿಲ್ಲ ಎಂದಾದರೆ ನೋಡಬೇಕಾದ್ದು ಎರಡನೆಯದನ್ನು ಮಾತ್ರ.

4. ಲೇಬಲ್ಲೇ ಫೋಲ್ಡರ್ ಎಂದು ತಿಳಿಯಿರಿ. ಜಿಮೇಲಿನ ಲೇಬಲ್‌ಗಳು ಥಂಡರ್‌ಬರ್ಡಿನಲ್ಲಿ ಫೋಲ್ಡರ್‌ಗಳಾಗಿ ಕಾಣುತ್ತವೆ. ಒಂದೇ ಪತ್ರಕ್ಕೆ ಎರಡು ಲೇಬಲ್ ಇದ್ದರೆ ಅದು ಎರಡು ಕಡೆ ಕಾಣುತ್ತದೆ. ಆರ್ಕೈವ್ ಮಾಡಿದ ಪತ್ರ ಇನ್‌ಬಾಕ್ಸಿನಲ್ಲಿ ಇರುವುದಿಲ್ಲ, 'ಆಲ್ ಮೇಲ್' ಫೋಲ್ಡರಿನಲ್ಲಿ ಹುಡುಕಬೇಕು. ಸ್ಪ್ಯಾಮ್ ಮತ್ತು ಟ್ರ್ಯಾಶ್ ಬಿಟ್ಟರೆ ನಿಮ್ಮ ಅಷ್ಟೂ ಪತ್ರಗಳು ಅಲ್ಲಿ ಒಂದೊಂದೇ ಸಲ ಇರುತ್ತವೆ. ಮುಂದಿನ ಸೂತ್ರಕ್ಕೆ ಇದೇ ಆಧಾರ.

5. ಐಮ್ಯಾಪ್ ಎಂದರೆ ಬ್ಯಾಕಪ್ ಅಲ್ಲ. ಇಡೀ ಬರಹದಲ್ಲಿ ಒಂದೇ ಸೂತ್ರ ನೆನಪಿಡುವಿರಾದರೆ ಇದನ್ನು ನೆನಪಿಡಿ. ಐಮ್ಯಾಪ್ ಕನ್ನಡಿಯಿದ್ದಂತೆ, ಅತ್ತ ಇರುವುದಷ್ಟೇ ಇತ್ತ ಕಾಣುತ್ತದೆ. ಫೋನಿನಲ್ಲಿ ಯಾರೋ ನೂರು ಪತ್ರ ಅಳಿಸಿದರೆ, ಮುಂದಿನ ಸಲ ನೆಟ್ ಸಿಕ್ಕಾಗ ಥಂಡರ್‌ಬರ್ಡಿನಲ್ಲೂ ಆ ನೂರು ಹೋಗುತ್ತವೆ. ಟ್ರ್ಯಾಶಿನಲ್ಲಿ 30 ದಿನ ಇರುತ್ತವೆ, ಆಮೇಲೆ ಇಲ್ಲ. ಆದ್ದರಿಂದ ಎಡಬದಿಯ ಪಟ್ಟಿಯ ಕೊನೆಯಲ್ಲಿರುವ 'ಲೋಕಲ್ ಫೋಲ್ಡರ್ಸ್' ಅಡಿ ವರ್ಷಕ್ಕೊಂದು ಫೋಲ್ಡರ್ ಮಾಡಿ: 2022, 2023, 2024. 'ಆಲ್ ಮೇಲ್' ತೆರೆದು ತಾರೀಕಿನ ಪ್ರಕಾರ ಜೋಡಿಸಿ, ಆ ವರ್ಷದ ಮೊದಲ ಪತ್ರ ಕ್ಲಿಕ್ಕಿಸಿ, ಶಿಫ್ಟ್ ಹಿಡಿದು ಕೊನೆಯದನ್ನು ಕ್ಲಿಕ್ಕಿಸಿ, ಬಲಗುಂಡಿ ಒತ್ತಿ 'ಕಾಪಿ ಟು' ಆರಿಸಿ. 'ಮೂವ್ ಟು' ಅಲ್ಲ, ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ, ನಿಧಾನವಾಗಿ ನೋಡಿ ಒತ್ತಿ. ಒಂದೇ ಏಟಿಗೆ ಸಾವಿರಾರು ಪತ್ರ ಎಳೆಯುವುದಕ್ಕಿಂತ ಕೆಲವು ತಿಂಗಳಿನಷ್ಟನ್ನು ಕಾಪಿ ಮಾಡಿ, ಎಣಿಕೆ ಸರಿಯಿದೆಯೇ ನೋಡಿ ಮುಂದೆ ಹೋಗಿ. ಆಮೇಲೆ ನೆಟ್ ತೆಗೆದು, ಅಟ್ಯಾಚ್‌ಮೆಂಟ್ ಇರುವ ಎರಡು ಮೂರು ಹಳೆಯ ಪತ್ರ ತೆರೆಯಿರಿ. ತೆರೆದರೆ ಅವು ನಿಮ್ಮ ಡಿಸ್ಕಿಗೆ ಬಂದಿವೆ.

6. ಜಾಗ ತುಂಬಿದರೆ ಗಾತ್ರದ ಪ್ರಕಾರ ಜೋಡಿಸಿ. ಗೂಗಲ್ ಪುಕ್ಕಟೆ ಕೊಡುವ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ತುಂಬಿದರೆ ಹೊಸ ಟಪಾಲು ಬರುವುದು ನಿಲ್ಲುತ್ತದೆ. ಥಂಡರ್‌ಬರ್ಡಿನಲ್ಲಿ 'ಸೈಜ್' ಕಾಲಂ ತೋರಿಸಿಕೊಂಡು ಅದರ ತಲೆಯ ಮೇಲೆ ಕ್ಲಿಕ್ಕಿಸಿದರೆ ಭಾರೀ ಪತ್ರಗಳೆಲ್ಲ ಮೇಲೆ ಬರುತ್ತವೆ. ಲೋಕಲ್ ಫೋಲ್ಡರಿನಲ್ಲಿ ಪ್ರತಿ ಇದೆಯೆಂದು ಖಾತ್ರಿಯಾದ ಮೇಲೆ ಅವನ್ನು ಅಳಿಸಿ. ದೊಡ್ಡ ಕಡತ ಕಳಿಸುವವರಿಗೂ ಒಂದು ಲೆಕ್ಕ: ಜಿಮೇಲಿನ ಮಿತಿ 25 ಎಂಬಿ ಇದ್ದರೂ, ಕಳಿಸುವಾಗ ಕಡತ ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. 18 ಎಂಬಿ ದಾಟಿದ್ದನ್ನು ಅಟ್ಯಾಚ್ ಮಾಡದಿರುವುದೇ ಕ್ಷೇಮ.

7. ನೆಟ್ ಇಲ್ಲದ ಹೊತ್ತನ್ನೂ ಬಳಸಿ. ನೆಟ್‌ವರ್ಕ್ ಆಗಾಗ ಕೈಕೊಡುವ ಊರುಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. 'ವರ್ಕ್ ಆಫ್‌ಲೈನ್' ಹಾಕಿಕೊಂಡು ಪತ್ರ ಓದಿ, ಉತ್ತರ ಬರೆಯಿರಿ, 'ಸೆಂಡ್ ಲೇಟರ್' ಒತ್ತಿ. ಅವು ಔಟ್‌ಬಾಕ್ಸಿನಲ್ಲಿ ಕಾಯುತ್ತವೆ. ನೆಟ್ ಬಂದ ಮೇಲೆ ಕಳಿಸಿ.

8. ಕನ್ನಡ ಪತ್ರ ಯೂನಿಕೋಡಿನಲ್ಲೇ ಇರಲಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ್ದನ್ನು ಪತ್ರದೊಳಗೆ ಅಂಟಿಸಿದರೆ, ಆ ಫಾಂಟಿಲ್ಲದವರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತದೆ. ಎರಡೂ ತಂತ್ರಾಂಶಗಳಲ್ಲಿ ಯೂನಿಕೋಡ್ ಸೌಲಭ್ಯ ಇದೆ, ದಯವಿಟ್ಟು ಅದನ್ನೇ ಬಳಸಿ. ಇದಕ್ಕೆ ಇನ್ನೊಂದು ಲಾಭವುಂಟು. ಯೂನಿಕೋಡಿನಲ್ಲಿದ್ದ ಪತ್ರವನ್ನು ಥಂಡರ್‌ಬರ್ಡಿನ ಹುಡುಕುವ ಪೆಟ್ಟಿಗೆಯಲ್ಲಿ 'ಠರಾವು' ಎಂದು ಕನ್ನಡದಲ್ಲೇ ಟೈಪಿಸಿ ಹುಡುಕಬಹುದು. ಅಕ್ಷರ ತೀರಾ ಚಿಕ್ಕದಾಗಿ ಕಂಡರೆ ಫಾಂಟ್ ಸೆಟ್ಟಿಂಗಿನ 'ಅಡ್ವಾನ್ಸ್ಡ್' ಒಳಗೆ ಕನ್ನಡಕ್ಕೆಂದೇ ಫಾಂಟು, ಗಾತ್ರ ಆರಿಸಬಹುದು.

9. ಕಳಿಸುವ ಮುನ್ನ 'ಫ್ರಮ್' ನೋಡಿ. ಒಂದೇ ಕಡೆ ಮೂರು ಖಾತೆ ಸೇರಿಸಿಕೊಂಡವರು ಸಂಘದ ಪತ್ರವನ್ನು ಸ್ವಂತ ವಿಳಾಸದಿಂದ ಕಳಿಸಿಬಿಡುತ್ತಾರೆ.

10. ಪ್ರೊಫೈಲ್ ಫೋಲ್ಡರಿನ ಜಾಗ ತಿಳಿದಿರಲಿ. ಲೋಕಲ್ ಫೋಲ್ಡರುಗಳು, ಸೆಟ್ಟಿಂಗುಗಳು, ವಿಳಾಸ ಪುಸ್ತಕ ಎಲ್ಲ ಕೂಡಿರುವುದು ಅಲ್ಲಿ. 'ಹೆಲ್ಪ್' ಮೆನುವಿನ 'ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್' ಪುಟದಿಂದ ಅದನ್ನು ತೆರೆಯಬಹುದು. ಥಂಡರ್‌ಬರ್ಡನ್ನು ಪೂರ್ತಿ ಮುಚ್ಚಿ, ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. 'ಎಕ್ಸ್‌ಪೋರ್ಟ್' ಎಂಬ ಸುಲಭದ ದಾರಿಯೂ ಇದೆ, ಆದರೆ ಪ್ರೊಫೈಲ್ 2 ಜಿಬಿ ಮೀರಿದರೆ ಅದರಲ್ಲಿ ಒಂದೇ ಜಿಪ್ ಕಡತವಾಗಿ ಹೊರತೆಗೆಯಲಾಗದು. ಪತ್ರ ಅಳಿಸಿದರೂ ಫೋಲ್ಡರಿನ ಗಾತ್ರ ಇಳಿದಿಲ್ಲವೆಂದರೆ ಕಾಪಿಗೆ ಮುನ್ನ 'ಕಾಂಪ್ಯಾಕ್ಟ್' ಮಾಡಿ. ಅಲ್ಲಿಯವರೆಗೆ ಅಳಿಸಿದ ಪತ್ರಗಳು ಕಡತದೊಳಗೇ ಕುಳಿತಿರುತ್ತವೆ. ಆಂಟಿವೈರಸ್ ತಂತ್ರಾಂಶ ಒಂದು ಕೆಟ್ಟ ಪತ್ರಕ್ಕಾಗಿ ಇಡೀ ಇನ್‌ಬಾಕ್ಸ್ ಕಡತವನ್ನೇ ಎತ್ತಿ ಬೇರೆಡೆ ಇಡುವುದುಂಟು, ಆಗ ಈ ಪ್ರತಿಯೇ ಗತಿ. ಹಲವರು ಕೂರುವ ಕಚೇರಿಯ ಕಂಪ್ಯೂಟರಾದರೆ 'ಪ್ರೈಮರಿ ಪಾಸ್‌ವರ್ಡ್' ಹಾಕಿ, ಜೊತೆಗೆ ವಿಂಡೋಸಿನಲ್ಲಿ ನಿಮ್ಮದೇ ಪ್ರತ್ಯೇಕ ಲಾಗಿನ್ ಇಟ್ಟುಕೊಳ್ಳಿ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಮಾತ್ರ ಈ ಹತ್ತರಲ್ಲಿ ಯಾವುದನ್ನೂ ಮಾಡಬೇಡಿ. ಅಲ್ಲಿ ಬ್ರೌಸರ್ ತೆರೆದು ಟಪಾಲು ನೋಡಿ, ಲಾಗೌಟ್ ಮಾಡಿ ಬನ್ನಿ.