ಗ್ಯಾಪ್ ಇಯರ್‌ನಲ್ಲಿ ಸಂಬಳ ಬರಲಿ

ಅಮೆರಿಕದಲ್ಲಿ ಮೆಡಿಕಲ್ ಓದಲು ಹೊರಟ ಮಕ್ಕಳಿರುವ ಕನ್ನಡದ ಮನೆಗಳಲ್ಲಿ ಗ್ಯಾಪ್ ಇಯರ್ ಎಂದರೆ ಇನ್ನೂ ಅಳುಕು. ಊರಿನಿಂದ ಫೋನ್ ಬಂದಾಗಲೆಲ್ಲ ‘ಒಂದು ವರ್ಷ ಹಾಳಾಯಿತಲ್ಲ’ ಎಂಬ ಮರುಕ. ಇಲ್ಲಿ ಈಗ ಮೆಡಿಕಲ್ ಕಾಲೇಜು ಸೇರುವವರಲ್ಲಿ ಬಹುಪಾಲು ಮಂದಿ ಡಿಗ್ರಿ ಮುಗಿಸಿ ವರ್ಷವೋ ಎರಡು ವರ್ಷವೋ ಬಿಟ್ಟೇ ಬರುತ್ತಾರೆ. ನನ್ನ ಮಗಳೂ ಹಾಗೇ ಮಾಡಿದಳು. ನಮ್ಮ ಮನೆಯಲ್ಲಿ ಚರ್ಚೆಯಾಗಿದ್ದು ಒಂದೇ: ಆ ವರ್ಷದಲ್ಲಿ ನಾವು ದುಡ್ಡು ಹಾಕಬೇಕೋ, ಅವಳು ದುಡಿಯಬೇಕೋ?

ದುಡ್ಡು ಹಾಕಲು ದಾರಿಗಳು ಬೇಕಾದಷ್ಟಿವೆ. ಬಡ ದೇಶಗಳಿಗೆ ‘ವೈದ್ಯಕೀಯ ಸೇವಾ ಪ್ರವಾಸ’ ಎಂದು ಸಾವಿರಾರು ಡಾಲರಿನ ಪ್ಯಾಕೇಜ್ ಮಾರುತ್ತಾರೆ. ನಮ್ಮವರಲ್ಲಿ ಇನ್ನೊಂದು ರೂಢಿ: ಮೈಸೂರಿನಲ್ಲೋ ದಾವಣಗೆರೆಯಲ್ಲೋ ಇರುವ ಬಂಧುಗಳ ನರ್ಸಿಂಗ್ ಹೋಮಿಗೆ ಮಗುವನ್ನು ಕೆಲವು ವಾರ ಕಳಿಸುವುದು. ಅಜ್ಜಿ ಮನೆಗೆ ಹೋಗಿಬರಲಿ, ಬೇಡ ಎನ್ನುವುದಿಲ್ಲ. ಆದರೆ ಅದನ್ನು ಅರ್ಜಿಯ ಖರ್ಚಿನ ಲೆಕ್ಕಕ್ಕೆ ಬರೆಯಬೇಡಿ. ತರಬೇತಿ ಇಲ್ಲದ ವಿದ್ಯಾರ್ಥಿ ಹೊರದೇಶದಲ್ಲಿ ಹೊಲಿಗೆ ಹಾಕಿದೆ, ಇಂಜೆಕ್ಷನ್ ಕೊಟ್ಟೆ ಎಂದು ಬರೆದರೆ ಅದು ಅರ್ಜಿಗೇ ಮುಳುವಾಗಬಹುದು ಎಂದು ಅಮೆರಿಕದ ವೈದ್ಯಕೀಯ ಕಾಲೇಜುಗಳ ಒಕ್ಕೂಟವೇ ಎಚ್ಚರಿಸಿದೆ.

ಮಗಳು ದುಡಿಯುವ ದಾರಿ ಹಿಡಿದು ಸಿಎನ್ಎ, ಅಂದರೆ ಪ್ರಮಾಣೀಕೃತ ನರ್ಸಿಂಗ್ ಸಹಾಯಕಿಯಾದಳು. ಫೆಡರಲ್ ನಿಯಮದಂತೆ ಕನಿಷ್ಠ 75 ಗಂಟೆಗಳ ತರಬೇತಿ, ಆಮೇಲೆ ಪರೀಕ್ಷೆ. ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಸಂಬಳ ಜಾಸ್ತಿಯಿಲ್ಲ, ಬೆನ್ನು ನೋಯುವಷ್ಟು ದುಡಿತ. ಪಾರ್ಶ್ವವಾಯುವಾದ ಒಬ್ಬ ಅಜ್ಜಿಗೆ ಬರೀ ನೀರು ಕುಡಿಸುವಂತಿರಲಿಲ್ಲ, ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಮಂದ ಮಾಡಿದ ನೀರನ್ನು ಚಮಚದಲ್ಲಿ ಕೊಟ್ಟು, ಗಂಟಲು ಮೇಲೆ ಕೆಳಗೆ ಆಡಿದ್ದನ್ನು ಕಣ್ಣಾರೆ ನೋಡಿ, ಆಮೇಲೆ ಮುಂದಿನ ಚಮಚ. ಒಂದು ಲೋಟ ಮುಗಿಯಲು ಅರ್ಧ ಗಂಟೆ. ಅರ್ಜಿಯಲ್ಲಿ 15 ಚಟುವಟಿಕೆಗಳಿಗೆ ಜಾಗವಿದೆ, ಒಂದೊಂದಕ್ಕೆ 700 ಅಕ್ಷರ. ಬಹುಮುಖ್ಯ ಎಂದು ಆರಿಸಿಕೊಂಡ ಮೂರಕ್ಕೆ ಮಾತ್ರ ಇನ್ನೂ 1,325 ಅಕ್ಷರ ಸಿಗುತ್ತದೆ. ಅವಳು ಆ ಜಾಗದಲ್ಲಿ ಈ ಅಜ್ಜಿಯ ಬಗ್ಗೆ ಬರೆದಳು. ಸಂದರ್ಶನದಲ್ಲೂ ಅದನ್ನೇ ಕೆದಕಿ ಕೇಳಿದರು.

ಹೆಚ್ಚಿನ ಮನೆಯವರು ಎಡವುವುದು ಹೊತ್ತಿನ ಲೆಕ್ಕದಲ್ಲಿ. ಮುಂದಿನ ವರ್ಷ ಕಾಲೇಜು ಸೇರಬೇಕಾದರೆ ಈ ವರ್ಷದ ಮೇ ಕೊನೆ, ಜೂನ್ ಹೊತ್ತಿಗೇ ಆಮ್‌ಕಾಸ್, ಅಂದರೆ ಮೆಡಿಕಲ್ ಕಾಲೇಜುಗಳ ಸಾಮಾನ್ಯ ಅರ್ಜಿ ಸಲ್ಲಿಸಲು ಶುರು. ಮೇ ತಿಂಗಳಲ್ಲಿ ಡಿಗ್ರಿ, ಜೂನ್‌ನಲ್ಲಿ ಅರ್ಜಿ ಎಂದಾದರೆ ಗ್ಯಾಪ್ ಇಯರ್ ಪೂರ್ತಿ ಅರ್ಜಿಯ ಆಚೆಗೇ ಉಳಿಯುತ್ತದೆ. ಅದನ್ನು ‘ಮುಂದೆ ಮಾಡಲಿರುವ ಗಂಟೆಗಳು’ ಎಂದಷ್ಟೇ ತೋರಿಸಬಹುದು. ಹಾಗಾಗಿ ಮಗಳು ಡಿಗ್ರಿಯ ಕೊನೆಯ ವರ್ಷದಲ್ಲೇ ವಾರಾಂತ್ಯದ ಪಾಳಿ ಹಿಡಿದಳು, ಗ್ಯಾಪ್ ಇಯರ್‌ನಲ್ಲಿ ಅದೇ ಕೆಲಸವನ್ನು ಪೂರ್ಣಾವಧಿ ಮಾಡಿದಳು. ಮಾಡಿ ಮುಗಿಸಿದ ಗಂಟೆಗಳು ಬೆನ್ನಿಗಿದ್ದರೆ ಮುಂದಿನ ಗಂಟೆಗಳ ಮಾತಿಗೂ ಬೆಲೆ ಬರುತ್ತದೆ ಎಂಬುದು ನನ್ನ ನಂಬಿಕೆ.

ಆ ಸಂಬಳ ಹೋಗಿದ್ದೆಲ್ಲಿಗೆ? ಮೊದಲ ಕಾಲೇಜಿನ ಅರ್ಜಿಗೆ 175 ಡಾಲರ್, ನಂತರ ಪ್ರತಿಯೊಂದಕ್ಕೂ ನಲವತ್ತು ಚಿಲ್ಲರೆ. ಇಪ್ಪತ್ತು ಕಾಲೇಜು ಎಂದರೆ ಸಾವಿರ ಡಾಲರ್ ದಾಟಿತು. ಮೇಲೆ ಎಂಕ್ಯಾಟ್ ಪ್ರವೇಶ ಪರೀಕ್ಷೆಯ ಶುಲ್ಕ, ಕಾಲೇಜುಗಳು ಕೇಳುವ ಎರಡನೇ ಸುತ್ತಿನ ಅರ್ಜಿ ಶುಲ್ಕ. ಕಡಿಮೆ ಆದಾಯದವರಿಗೆ ಶುಲ್ಕ ರಿಯಾಯಿತಿ ಯೋಜನೆಯಿದೆ, ಮೊದಲು ಅದನ್ನು ವಿಚಾರಿಸಿ. ಮನೆಯಲ್ಲೇ ಇದ್ದುದರಿಂದ ಬಾಡಿಗೆ ಉಳಿಯಿತು. 26 ತುಂಬುವವರೆಗೆ ತಂದೆ ತಾಯಿಯ ಆರೋಗ್ಯ ವಿಮೆಯಲ್ಲೇ ಇರಬಹುದಾದ್ದರಿಂದ ಆ ಖರ್ಚೂ ಬೀಳಲಿಲ್ಲ.

ಮಿಕ್ಕಿದ್ದನ್ನು ಉಳಿತಾಯ ಖಾತೆಯಲ್ಲಿ ಇಡು ಎಂದು ನಾನು ಹಟ ಹಿಡಿದೆ. ಕಾರಣ ಹೊಸ ಸಾಲದ ನಿಯಮ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಗ್ರಾಡ್ ಪ್ಲಸ್ ಎಂಬ ಫೆಡರಲ್ ಸಾಲದ ಬಾಗಿಲು ಮುಚ್ಚಿದೆ. ಮೆಡಿಕಲ್ ಓದಿಗೆ ಫೆಡರಲ್ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000ಕ್ಕೆ ನಿಲ್ಲುತ್ತದೆ. ಎಷ್ಟೋ ಖಾಸಗಿ ಕಾಲೇಜುಗಳ ಫೀಸೊಂದೇ ಅದನ್ನು ಮೀರುತ್ತದೆ. ಆ ಮಿತಿಯ ಮೇಲಿನದಕ್ಕೆ ಬ್ಯಾಂಕ್ ಸಾಲವೇ ಗತಿ, ಅದಕ್ಕೆ ಹೆಚ್ಚಾಗಿ ನಮ್ಮ ಜಾಮೀನು ಸಹಿ.

ಇನ್ನೊಂದು ಮಾತು. ಕೆಲಸ ಬಿಡುವ ಮುನ್ನ ಮೇಲ್ವಿಚಾರಕರ ಇಮೇಲ್, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಪ್ರತಿ ಚಟುವಟಿಕೆಗೂ ಸಂಪರ್ಕದ ವಿವರ ಕೇಳುತ್ತಾರೆ, ಮತ್ತು ಇಂಥ ಕಡೆ ಮೇಲ್ವಿಚಾರಕರು ಬದಲಾಗುತ್ತಲೇ ಇರುತ್ತಾರೆ. ಶಿಫಾರಸು ಪತ್ರವನ್ನೂ ಆಗಲೇ ಕೇಳಿಬಿಡಿ.